ಗೌಜಲ ಮರಿಗೂ ನಮ್ಮ ಮನೆಯ ಮಡಿ

ಜೊತೆಯಲ್ಲಿ ಕೆಲಸ ಮಾಡುವವರು ಹೋಟೆಲ್ಲಿನಲ್ಲಿ ಗೌಜಲ ಹಕ್ಕಿ ತರಿಸಿದರೆ ನಾನು ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋಗುತ್ತೇನೆ. ಮಾಂಸ ತಿನ್ನದವಳು, ಪಾಪ, ವಾಸನೆಗೆ ಹೇಸುತ್ತಾಳೆ ಎಂದುಕೊಳ್ಳುತ್ತಾರೆ. ಹೇಸಿಗೆಯಲ್ಲ, ಸಿಟ್ಟು. ಆ ಸಿಟ್ಟು ಹಕ್ಕಿ ತಿನ್ನುವವರ ಮೇಲಲ್ಲ, ತಿನ್ನದ ನಮ್ಮ ಮನೆಯವರ ಮೇಲೆ. ಇಷ್ಟು ವರ್ಷವಾದರೂ ಅದು ಆರಿಲ್ಲ, ಆರಲಿ ಎಂದು ನಾನೂ ಬಯಸಿಲ್ಲ.

ನಮ್ಮ ಮನೆ ಪಾಪಿನಾಯಕನಹಳ್ಳಿಯಲ್ಲಿ, ರಸ್ತೆಗೆ ಅಂಟಿಕೊಂಡೇ ಇತ್ತು. ಮೈನಿಂಗ್ ಜೋರಾಗಿದ್ದ ವರ್ಷಗಳು ಅವು. ಸಂಡೂರಿನ ಗುಡ್ಡಗಳಿಂದ ಅದಿರು ಹೇರಿಕೊಂಡ ಟಿಪ್ಪರುಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಬೆಳಿಗ್ಗೆ ಒಗೆದು ಹಾಕಿದ ಬಿಳಿ ಬಟ್ಟೆ ಮಧ್ಯಾಹ್ನಕ್ಕೆ ಕಾವಿಯಾಗಿ, ಊರಿನವರೆಲ್ಲ ಸನ್ಯಾಸ ತೆಗೆದುಕೊಂಡಂತೆ ಕಾಣುತ್ತಿದ್ದರು. ಸನ್ಯಾಸದ ಬುದ್ಧಿ ಮಾತ್ರ ಯಾರಿಗೂ ಇರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಮನೆಯ ಯಜಮಾನಿಕೆ ಅಣ್ಣನದಾಗಿತ್ತು. ಅವನು ಜೋಳ ಬಿತ್ತುವ ಹೊಲವನ್ನು ಅದಿರಿನ ಗುಡ್ಡೆ ಹಾಕಲು ಬಾಡಿಗೆಗೆ ಕೊಟ್ಟ, ಎತ್ತುಗಳನ್ನು ಮಾರಿದ, ತಾನೂ ಒಂದು ಟಿಪ್ಪರ್ ತಂದ. ಎತ್ತಿಗೆಂದು ತರಿಸಿದ್ದ ಶೇಂಗಾ ಹಿಂಡಿಯ ಚೀಲಗಳು ಮಾತ್ರ ಕೊಟ್ಟಿಗೆಯ ಮೂಲೆಯಲ್ಲಿ ಹಾಗೇ ಉಳಿದವು.

ಅಕ್ಕ ಕಂಪ್ಲಿಯಿಂದ ವಾಪಸು ಬಂದದ್ದು ಆ ವರ್ಷವೇ. ಅವಳ ಗಂಡನಿಗೆ ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇತ್ತು, ಕೈ ಮಾಡುವ ಚಾಳಿಯೂ ಇತ್ತು. ಸಂಬಂಧದಲ್ಲಿ ಅವನನ್ನು ನಾನು ಮಾವ ಎನ್ನಬೇಕು, ಬಾಯಿ ಬರುವುದಿಲ್ಲ. ಅಕ್ಕ ಆಟೋದಿಂದ ಇಳಿದಾಗ ಒಂದು ಕಿವಿಯ ಓಲೆ ಇರಲಿಲ್ಲ, ಕಿವಿ ಹರಿದಿತ್ತು. ಅವ್ವ ಅರಿಶಿನ ಹಚ್ಚಿದಳು, ಬಿಸಿ ರೊಟ್ಟಿ ಹಾಕಿದಳು, ಆಮೇಲೆ ಹೇಳಿದಳು, “ನಾಕು ದಿನ ಇದ್ದು ಹೋಗವಾ. ಹೊಂದಿಕೊಂಡು ಹೋಗಬೇಕು.”

“ನಾ ಹೋಗಂಗಿಲ್ಲ,” ಎಂದಳು ಅಕ್ಕ. ರೊಟ್ಟಿ ಮುರಿಯುವುದನ್ನು ನಿಲ್ಲಿಸದೆಯೇ ಹೇಳಿದಳು. ಅವಳು ಹಾಗೆಯೇ. ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ನಗುವವಳು, ಹಟ ಹಿಡಿದರೆ ಎಲ್ಲರಿಗಿಂತ ಗಟ್ಟಿ.

ಅವ್ವನಿಗೆ ಸಂಕಟ ಶುರುವಾಯಿತು. ಅಣ್ಣನಿಗೆ ಹೆಣ್ಣು ನೋಡುತ್ತಿದ್ದರು. ಗಂಡನನ್ನು ಬಿಟ್ಟ ಮಗಳು ಮನೆಯಲ್ಲಿ ಕೂತಿದ್ದರೆ ಹೆಣ್ಣು ಕೊಡುವವರು ಯಾರು ಎಂಬುದು ಅವಳ ಚಿಂತೆ. ಅದನ್ನು ಅವಳು ಅಕ್ಕನೆದುರೇ, ಮೆಣಸಿನಕಾಯಿ ತೊಟ್ಟು ಬಿಡಿಸುತ್ತ, ಬೆಲೆ ಏರಿದ ಸುದ್ದಿ ಹೇಳುವಷ್ಟು ಸಲೀಸಾಗಿ ಹೇಳುತ್ತಿದ್ದಳು. ನಾನು ಆಗ ಹೊಸಪೇಟೆಯ ಒಂದು ಖಾಸಗಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಸಂಜೆ ಬಂದ ಕೂಡಲೇ ಅವ್ವನ ಜೊತೆ ನನ್ನದೊಂದು ಜಗಳ ಇರುತ್ತಿತ್ತು. “ನೀ ಸುಮ್ಕಿರು, ನಿನ್ನ ಮದುವಿನೂ ಐತಿ,” ಎಂದು ಅವ್ವ ನನ್ನ ಬಾಯಿ ಮುಚ್ಚಿಸುತ್ತಿದ್ದಳು.

ಗೌಜಲ ಹಕ್ಕಿಯ ವಿಚಾರ ತಂದವನು ಅಣ್ಣ. ಅದಿರು ಕೊಳ್ಳಲು ಹೊರಗಿನಿಂದ ಬಂದವರು ಹೊಸಪೇಟೆಯ ಲಾಡ್ಜುಗಳಲ್ಲಿ ಇಳಿಯುತ್ತಿದ್ದರು. ಹಗಲು ಗುಡ್ಡ, ಸಂಜೆ ಹಂಪಿ, ಆಮೇಲೆ ಕುಡಿತ. ಕುಡಿತಕ್ಕೆ ಅವರಿಗೆ ಕೋಳಿ ಸಾಕಾಗುತ್ತಿರಲಿಲ್ಲ, ಕಾಡುಹಕ್ಕಿಯ ರುಚಿ ಬೇಕು. ಕಾಡಿನಿಂದ ಹಿಡಿದರೆ ಕೇಸು, ಸಾಕಿದ ಗೌಜಲಿಗಾದರೆ ಸರ್ಕಾರದ ಪರವಾನಗಿ ಸಿಗುತ್ತಿತ್ತು. ಅಣ್ಣ ಅದನ್ನು ಮಾಡಿಸಿಕೊಂಡೇ ಬಂದ. ಲಿಂಗಪೂಜೆ ಮಾಡದೆ ಬಾಯಿಗೆ ನೀರು ಹಾಕದ ಅವ್ವ ಇದಕ್ಕೆ ಹೇಗೆ ಒಪ್ಪಿದಳು ಎಂದು ನಾನು ಬೆರಗಾದೆ. ಅಣ್ಣ ಒಂದೇ ಮಾತಿನಲ್ಲಿ ಒಪ್ಪಿಸಿದ್ದ. “ಯವ್ವಾ, ನಾವೇನು ಕೊಯ್ತೀವಾ, ತಿಂತೀವಾ? ಸಾಕಿ ಕೊಡಾದಷ್ಟ.”

ಅಕ್ಕನನ್ನು ಎದುರು ಕೂರಿಸಿಕೊಂಡು ಅವನು ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ. “ನೋಡವಾ, ಇದನ್ನ ನಿನ್ನ ಕೈಯಾಗ ಕೊಡ್ತೀನಿ. ನಡಿತು ಅಂದ್ರ ಇಲ್ಲೇ ಇರು, ಯಾರೂ ಏನೂ ಅನ್ನಂಗಿಲ್ಲ. ನಡಿಲಿಲ್ಲಂದ್ರ ಕಂಪ್ಲಿಗೆ ಹೋಗಬೇಕು. ಆಮ್ಯಾಲ ಅಳಾದು ಕರಿಯಾದು ಬ್ಯಾಡ.”

ಅಕ್ಕ ಹೂಂ ಎಂದಳು. ತವರಿನಲ್ಲಿ ಇರುವುದಕ್ಕೂ ಹೆಣ್ಣುಮಗಳು ಪರೀಕ್ಷೆ ಪಾಸಾಗಬೇಕು ಎಂಬುದು ನನಗೆ ಅವತ್ತು ತಿಳಿಯಿತು.

ಅಣ್ಣ ಅವಳಿಗೆ ತರಬೇತಿ ಕೊಡಿಸಿದ. ಆಮೇಲೆ ರಟ್ಟಿನ ಪೆಟ್ಟಿಗೆಗಳಲ್ಲಿ ಮೊದಲ ಮರಿಗಳು ಬಂದವು. ಹೆಬ್ಬೆರಳಿಗಿಂತ ಒಂಚೂರು ದಪ್ಪ, ಬೆನ್ನ ಮೇಲೆ ಕಂದು ಪಟ್ಟೆ. ಅಂಗೈಯಲ್ಲಿ ಇಟ್ಟುಕೊಂಡರೆ ತೂಕವೇ ತಿಳಿಯುತ್ತಿರಲಿಲ್ಲ, ಎದೆ ಬಡಿಯುವುದು ತಿಳಿಯುತ್ತಿತ್ತು. ಅಕ್ಕ ಖಾಲಿ ಕೊಟ್ಟಿಗೆಯನ್ನು ಸುಣ್ಣ ಬಳಿದು ತಯಾರು ಮಾಡಿದ್ದಳು. ಅದಿರಿನ ಧೂಳು ಬಾರದಂತೆ ರಸ್ತೆಯ ಕಡೆ ಒದ್ದೆ ಗೋಣಿ ಕಟ್ಟಿದ್ದಳು. ತಗಡಿನ ಸುತ್ತು, ಒಳಗೆ ಬಿಸಿಗೆ ಬಲ್ಬು, ನೆಲಕ್ಕೆ ಭತ್ತದ ಹೊಟ್ಟು, ಅದರ ಮೇಲೆ ಗೋಣಿಬಟ್ಟೆ. ಕುಡಿಯುವ ನೀರಿನ ತಟ್ಟೆಯಲ್ಲಿ ಗೋಲಿಗಳನ್ನು ತುಂಬಿದ್ದಳು. ಇಲ್ಲದಿದ್ದರೆ ಅಷ್ಟು ನೀರಿನಲ್ಲೇ ಮುಳುಗಿ ಸಾಯುವ ಜೀವಗಳು ಅವು.

ತಿಂಡಿಯದೇ ದೊಡ್ಡ ಕೆಲಸ. ಕೋಳಿಮರಿಗೆ ಹಾಕುವುದನ್ನು ಗೌಜಲ ಮರಿಗೆ ಹಾಕಿದರೆ ಸಾಲದು. ನೋಡನೋಡುತ್ತ ಬೆಳೆದುಬಿಡುವ ಹಕ್ಕಿ, ಕಾಡಿನಲ್ಲಿದ್ದರೆ ಮೊಟ್ಟೆಯೊಡೆದ ದಿನವೇ ತಾಯಿಯ ಹಿಂದೆ ಓಡಿ ಗೆದ್ದಲು, ಇರುವೆ, ಮಿಡತೆಯ ಮರಿ ಹೆಕ್ಕುತ್ತದೆ. ಕಾಳು ಆಮೇಲಿನ ಮಾತು. ಅದಕ್ಕೆ ಅಕ್ಕ ಹೊಸಪೇಟೆಯಿಂದ ತರಿಸುತ್ತಿದ್ದ ಮರಿತಿಂಡಿಯಲ್ಲಿ ಮೆಕ್ಕೆಜೋಳ, ಸೋಯಾ ಹಿಂಡಿಯ ಜೊತೆಗೆ ಮೀನಿನ ಪುಡಿ ಇರುತ್ತಿತ್ತು. ಅದನ್ನು ಒಳಕಲ್ಲಿನಲ್ಲಿ ಮತ್ತೊಮ್ಮೆ ಸಣ್ಣಗೆ ಮಾಡಿ, ಗೋಣಿಬಟ್ಟೆಯ ಮೇಲೆಯೇ ಉದುರಿಸುತ್ತಿದ್ದಳು. ತಟ್ಟೆಯಲ್ಲಿಟ್ಟರೆ ಮೊದಲ ದಿನ ಮರಿಗಳಿಗೆ ತಿಳಿಯುವುದಿಲ್ಲ, ಕಾಲಡಿಗೆ ಸಿಕ್ಕರೆ ಕುಟುಕುತ್ತವೆ. ಅವಳು ಬೆರಳ ತುದಿಯಿಂದ ಟಕಟಕ ಬಡಿದು, “ತಿನ್ರಲೇ, ಮದುವಿ ಊಟಕ್ಕ ಬಂದೋರಂಗ ನಿಂತೀರಲ್ಲ,” ಎಂದು ಬೈಯುತ್ತಿದ್ದಳು. ಸೊರಗಿದ ಮರಿಗಳಿಗೆ ಕೊಟ್ಟಿಗೆಯಲ್ಲೇ ಮೂರು ಕಲ್ಲು ಹೂಡಿ ಮೊಟ್ಟೆ ಬೇಯಿಸಿ ಹಳದಿಯನ್ನು ಪುಡಿ ಮಾಡಿ ಹಾಕುತ್ತಿದ್ದಳು. ಅವ್ವ ಕಂಡರೂ ಕಾಣದಂತೆ ಆಚೆ ಹೋಗುತ್ತಿದ್ದಳು.

ಮೊದಲ ತಂಡ ಚೆನ್ನಾಗಿ ಬಂತು. ಹೋಟೆಲ್ಲಿನವರು ಪಂಜರ ತಂದು ಒಯ್ದರು. ಅವತ್ತು ಅಕ್ಕ ಕೊಟ್ಟಿಗೆಗೆ ಹೋಗಲಿಲ್ಲ, ಕದ ಹಾಕಿಕೊಂಡು ಮಲಗಿದಳು. ಸಾಕಿದ್ದನ್ನು ಕೊಡುವುದು ಅವಳಿಗೆ ಸುಲಭವಿರಲಿಲ್ಲ. ಆದರೆ ಮರುದಿನ ಎದ್ದು ಕೊಟ್ಟಿಗೆ ತೊಳೆದು ಮತ್ತೆ ಸುಣ್ಣ ಬಳಿದಳು. ಹರಿದ ಕಿವಿ ಅಷ್ಟರಲ್ಲಿ ಕೂಡಿಕೊಂಡಿತ್ತು. ಅಣ್ಣ ಊಟಕ್ಕೆ ಕೂತಾಗ, “ಚಲೋ ಮಾಡೀದಿ,” ಎಂದ. ನಮ್ಮಣ್ಣನ ಬಾಯಿಂದ ಅಷ್ಟು ಬಂದದ್ದೇ ಭಾಳ.

ಎಲ್ಲ ಕೆಟ್ಟಿದ್ದು ಶ್ರಾವಣದಲ್ಲಿ. ಮನೆಯಲ್ಲಿ ಪೂಜೆಗೆಂದು ಅಯ್ಯನವರು ಬಂದಿದ್ದರು. ಗಾಳಿ ಕೊಟ್ಟಿಗೆಯ ಕಡೆಯಿಂದ ಬೀಸಿತು. ಅಯ್ಯನವರು ವಿಭೂತಿ ಹಚ್ಚುತ್ತಿದ್ದವರು ಕೈ ತಡೆದು, “ಏನವಾ ಇದು, ಮೀನಿನ ವಾಸನಿ?” ಎಂದರು. ಅಷ್ಟೇ. ಬೈಯಲಿಲ್ಲ, ಎದ್ದು ಹೋಗಲಿಲ್ಲ, ಊಟವನ್ನೂ ಮಾಡಿದರು. ಆದರೆ ಅವ್ವನ ಮುಖ ಸತ್ತಂತಾಯಿತು. ಅವರು ಹೊರಟ ಮೇಲೆ ಅವ್ವ ಮರಿತಿಂಡಿಯ ಚೀಲವನ್ನು ತಾನೇ ಎಳೆದುಕೊಂಡು ಹೋಗಿ ರಸ್ತೆಯ ಆಚೆ ಸುರಿದು ಬಂದು, ತಲೆಗೆ ಸ್ನಾನ ಮಾಡಿದಳು.

“ಇನ್ನ ಮೀನು ಮೊಟ್ಟಿ ಈ ಹೊಸ್ತಿಲ ದಾಟಿ ಬರಂಗಿಲ್ಲ,” ಎಂದಳು. “ಇಷ್ಟೊಂದು ಹಿಂಡಿ ಬಿದ್ದೈತಿ. ಎತ್ತುಗಳು ಇದನ್ನ ತಿಂದು ಗಟ್ಟಿ ಆಗಿದ್ದಿಲ್ಲೇನು? ನಮ್ಮನ್ಯಾಗ ಇದ್ದಮ್ಯಾಲ ಅವೂ ನಮ್ಮಂಗ ಇರ್ಲಿ.”

“ಯವ್ವಾ, ಅವು ಹುಳ ತಿನ್ನೋ ಜೀವ. ಎತ್ತಲ್ಲ,” ಎಂದಳು ಅಕ್ಕ.

“ನಮ್ಮನಿ ಉಂಡು ಯಾರೂ ಸತ್ತಿಲ್ಲ.”

ಅಕ್ಕ ಅಣ್ಣನ ಕಡೆ ನೋಡಿದಳು. ಹೊಸಪೇಟೆಯ ಲಾಡ್ಜಿನಲ್ಲಿ ಅದಿರಿನವರ ಜೊತೆ ಕೂತು ಇವನೂ ಹಕ್ಕಿಯ ಮೂಳೆ ಚೀಪುತ್ತಾನೆ ಎಂಬುದು ನನಗೆ ಗೊತ್ತಿತ್ತು, ಊರಿಗೇ ಗೊತ್ತಿತ್ತು. ಅವನು ಮೊಬೈಲ್ ಒತ್ತುತ್ತ, “ಅವ್ವ ಹೇಳ್ದಂಗ ಮಾಡು, ಮನ್ಯಾಗ ಗದ್ಲ ಬ್ಯಾಡ,” ಎಂದ. ಹೊರಗೆ ತಿಂದರೆ ವ್ಯವಹಾರ, ಮನೆಯಲ್ಲಿ ವಾಸನೆ ಬಂದರೆ ಅಪಚಾರ. ನಾನು ಅದನ್ನು ಅವನ ಮುಖಕ್ಕೇ ಅಂದೆ. ಅವನು ಬೂಟು ಹಾಕಿಕೊಂಡು ಹೊರಟುಹೋದ.

ಅಷ್ಟು ಹೊತ್ತಿಗೆ ಎರಡನೆಯ ತಂಡದ ಮರಿಗಳು ಬಂದಾಗಿತ್ತು. ನಾನು ಹೊಸಪೇಟೆಯಿಂದ ಬುತ್ತಿಯ ಚೀಲದಲ್ಲಿ ಡಬ್ಬಿಯ ಕೆಳಗೆ ಒಂದು ಪೊಟ್ಟಣ ಮೀನಿನ ಪುಡಿ ಬಚ್ಚಿಟ್ಟು ತಂದೆ. ಬಸ್ಸಿನಲ್ಲಿ ಪಕ್ಕದ ಹೆಂಗಸು ಮೂಗಿಗೆ ಸೆರಗು ಹಿಡಿದು, “ಟೀಚರ್ರ, ಏನ್ ಪಲ್ಯ ಮಾಡಿದ್ರಿ?” ಎಂದು ಕೇಳಿದಳು. ನಗು ಬಂತು, ಅಳುವೂ ಬಂತು. ಪೊಟ್ಟಣ ಕೊಟ್ಟರೆ ಅಕ್ಕ ತೆಗೆದುಕೊಳ್ಳಲಿಲ್ಲ. “ಬ್ಯಾಡ ತಂಗಿ. ಅವ್ವಗ ಗೊತ್ತಾತಂದ್ರ ಇವತ್ತ ನನ್ನ ಕಂಪ್ಲಿ ಬಸ್ಸು ಹತ್ತಿಸ್ತಾಳ. ಹಿಂಡಿ ಹಾಕಿ ನೋಡ್ತೀನಿ. ಹೆಂಗಾರ ಬದುಕಿಸ್ತೀನಿ.”

ಹೆಂಗಾರ ಬದುಕಿಸಲು ಅವಳು ಮಾಡದ್ದಿಲ್ಲ. ಗೆದ್ದಲು ತರೋಣವೆಂದರೆ ಹುತ್ತ ಅಗೆಯುವಂತಿಲ್ಲ. ನಾಗಪ್ಪನಿಗೆ ಹಾಲೆರೆಯುವ ತಿಂಗಳು, ಗುದ್ದಲಿ ಹಿಡಿದವಳನ್ನು ಊರೇ ಹಿಡಿದು ಬೈಯುತ್ತಿತ್ತು. ಚಿಕ್ಕವಳಿದ್ದಾಗ ಕೌಜುಗ ಹಕ್ಕಿ ಸಾಕುವವರು ಮಾಡುತ್ತಿದ್ದುದನ್ನು ಅವಳು ನೋಡಿದ್ದಳು. ಹಳೆಯ ಗಡಿಗೆಗಳಿಗೆ ಸಗಣಿ, ಜೋಳದ ದಂಟಿನ ಚೂರು ತುಂಬಿ, ನೀರು ಚಿಮುಕಿಸಿ, ಹಿತ್ತಲ ಬೇಲಿಯ ಬುಡದಲ್ಲಿ ಬೋರಲು ಹಾಕಿದಳು. ಬೆಳಿಗ್ಗೆ ಎತ್ತಿದರೆ ಒಳಗೆ ಗೆದ್ದಲು ಹತ್ತಿರುತ್ತಿತ್ತು. ತಗಡಿನ ಸುತ್ತಿನೊಳಗೆ ಕೊಡವಿದರೆ ಮರಿಗಳು ಒಂದರ ಮೇಲೊಂದು ಬಿದ್ದು ಕಿತ್ತಾಡಿ ತಿನ್ನುತ್ತಿದ್ದವು. ಆ ಓಟ ನೋಡುವುದೇ ಒಂದು ಖುಷಿ. ಆದರೆ ಒಂದು ಕೊಟ್ಟಿಗೆ ತುಂಬ ಮರಿಗಳಿಗೆ ಗಡಿಗೆಯ ಗೆದ್ದಲು ಎಲ್ಲಿ ಸಾಲಬೇಕು? ಹೊಲವಿದ್ದರೆ ಮಿಡತೆಯಾದರೂ ಸಿಗುತ್ತಿತ್ತು. ನಮ್ಮ ಹೊಲದ ಮೇಲೆ ಈಗ ಅದಿರಿನ ಗುಡ್ಡೆ ಕೂತಿತ್ತು. ಹೊಟ್ಟೆ ತುಂಬಿಸಲು ಹಿಂಡಿಯೇ ಗತಿಯಾಯಿತು.

ಆ ಹಿಂಡಿ ಮಳೆಗಾಲದಲ್ಲಿ ಸೋರುವ ಮೂಲೆಯಲ್ಲಿ ಕೂತದ್ದು. ಒಡೆದರೆ ಒಳಗೆ ಹಸಿರು ಬೂಷ್ಟು. ಅಕ್ಕ ಅದನ್ನು ಹಾಗೇ ಹಾಕಲಿಲ್ಲ. ಬೂಷ್ಟು ಕೆರೆದಳು, ಮಾಳಿಗೆಯ ಮೇಲೆ ಬಿಸಿಲಿಗೆ ಹರವಿದಳು, ಕುಟ್ಟಿ ಜರಡಿ ಹಿಡಿದಳು. ಹಪ್ಪಳಕ್ಕೆ, ಬೇಳೆಗೆ, ಹುಣಸೆಹಣ್ಣಿಗೆ ಬೂಷ್ಟು ಬಂದರೆ ನಮ್ಮಲ್ಲಿ ಮಾಡುವುದು ಅದನ್ನೇ. ಬಿಸಿಲು ಬಿದ್ದರೆ ಎಲ್ಲ ಶುದ್ಧವಾಗುತ್ತದೆ ಎಂದು ನಂಬಿದ ಮನೆ ನಮ್ಮದು. ಒಣಗಿದ ಹಿಂಡಿಯಿಂದ ಒಳ್ಳೆಯ ಘಮವೇ ಬರುತ್ತಿತ್ತು. ಅವ್ವ ಬಂದು ಮೂಸಿ, “ಇದು ನೋಡು ಊಟ,” ಎಂದು ಸಮಾಧಾನಪಟ್ಟಳು.

ಮರಿಗಳು ಮೊದಲು ಓಡುವುದನ್ನು ಬಿಟ್ಟವು. ಆಮೇಲೆ ರೆಕ್ಕೆ ಜೋಲಿತು. ಪುಕ್ಕ ಬರಬೇಕಾದಲ್ಲಿ ಬರಲಿಲ್ಲ, ಬೆನ್ನು ಬೋಳಾಗಿಯೇ ಉಳಿಯಿತು. ಮಧ್ಯಾಹ್ನ ನಾನು ಶಾಲೆಯಿಂದ ಬೇಗ ಬಂದ ದಿನ ಅಕ್ಕ ತಗಡಿನ ಸುತ್ತಿನ ಪಕ್ಕ ಕೂತು ಸತ್ತವನ್ನು ಒಂದೊಂದಾಗಿ ಮೊರಕ್ಕೆ ಹಾಕುತ್ತಿದ್ದಳು. ಎಲ್ಲವೂ ಕಾಲನ್ನು ಹಿಂದಕ್ಕೆ ಚಾಚಿದ್ದವು. ಬದುಕಿದ್ದವುಗಳ ಬಾಯಿಗೆ ಬೆರಳಿನಿಂದ ಬೆಲ್ಲದ ನೀರು ಬಿಡುತ್ತಿದ್ದಳು. “ಇದೊಂದು ನುಂಗಾಕತ್ತೈತಿ ನೋಡು, ನುಂಗಾಕತ್ತೈತಿ,” ಎಂದು ನನಗೆ ತೋರಿಸಿದಳು. ತೋರಿಸುತ್ತಿರುವಾಗಲೇ ಅದು ತಲೆ ಕೆಳಗೆ ಹಾಕಿತು. ಅವಳ ಮುಖದಲ್ಲಿ ಅವತ್ತು ಕಂಡ ಭಯ ಮರಿಗಳದ್ದಾಗಿರಲಿಲ್ಲ, ಕಂಪ್ಲಿಯದಾಗಿತ್ತು.

ನಾನೇ ಹೋಗಿ ಹೊಸಪೇಟೆಯಿಂದ ದನದ ಡಾಕ್ಟರನ್ನು ಕರೆತಂದೆ. ಅವರು ಒಂದು ಮರಿಯನ್ನು ಕುಯ್ದು ತೋರಿಸಿದರು. ಕೆಂಪಗಿರಬೇಕಾದ ಲಿವರು ಬೆಣ್ಣೆಗೆ ಅರಿಶಿನ ಕಲಸಿದ ಹಾಗೆ ಬಿಳಿಚಿ, ಊದಿಕೊಂಡಿತ್ತು. ಹಿಂಡಿಯ ಪುಡಿಯನ್ನು ಅಂಗೈಗೆ ಹಾಕಿಕೊಂಡು ಕೇಳಿದರು, “ಬೂಷ್ಟು ಬಂದಿತ್ತೇನ್ರಿ?”

“ಬಂದಿತ್ರಿ. ಬಿಸಿಲಿಗೆ ಹಾಕಿದ್ದೆ,” ಎಂದಳು ಅಕ್ಕ.

“ಬೂಷ್ಟು ಹೋಗತೈತ್ರಿ, ಅದರ ವಿಷ ಹೋಗಂಗಿಲ್ಲ. ದೊಡ್ಡ ಎತ್ತು ಹೆಂಗೋ ತಡಕೊಂತಾವ, ಎಳೇ ಮರಿ ತಡಿಯಂಗಿಲ್ಲ. ಬರೇ ಮೀನಿನ ಪುಡಿ ತಪ್ಪಿದ್ರ ಸೊರಗ್ತಿದ್ವು, ಹಿಂಗ ಸಾಯ್ತಿದ್ದಿಲ್ಲ.” ಅವ್ವ, ಅಣ್ಣ ಇಬ್ಬರೂ ಬಾಗಿಲಲ್ಲಿ ನಿಂತಿದ್ದರು, ಇಬ್ಬರ ಕಿವಿಗೂ ಬಿತ್ತು. ಡಾಕ್ಟರು ಚಹಾ ಕುಡಿದು ಹೋದರು.

ಅವರ ಗಾಡಿ ತಿರುವು ದಾಟುವ ತನಕ ಅವ್ವ ರಸ್ತೆಯನ್ನೇ ನೋಡಿದಳು. ಆಮೇಲೆ ನಿಟ್ಟುಸಿರು ಬಿಟ್ಟು, “ಹಿಂಡಿ ಏನ್ ಮಾಡೀತು ಪಾಪ. ಆಕಿ ಕಾಲ್ಗುಣ,” ಎಂದಳು.

ನಾನು ಕಿರುಚಿದೆ. ಡಾಕ್ಟರು ಹೇಳಿದ್ದು ಕೇಳಿಸಲಿಲ್ಲವೇ, ಹಿಂಡಿ ಹಾಕು ಎಂದವರು ಯಾರು, ಚೀಲ ರಸ್ತೆಗೆ ಸುರಿದವರು ಯಾರು ಎಂದು ಕೇಳಿದೆ. ಕಾಲ್ಗುಣ ಎಂಬ ಒಂದು ಮಾತು ಎಷ್ಟು ಅನುಕೂಲದ್ದು! ಕುಯ್ದು ನೋಡುವಂತಿಲ್ಲ, ಮೂಸಿ ನೋಡುವಂತಿಲ್ಲ, ಯಾರ ಕಾಲಿಗೆ ಹಚ್ಚಿದರೂ ಹತ್ತಿಕೊಳ್ಳುತ್ತದೆ. ಅಣ್ಣ ಅಕ್ಕನಿಗೆ ಹೇಳಿದ್ದು ಇಷ್ಟು, “ಮಾತು ಮಾತ ಅಲ್ಲೇನು?”

ಅಕ್ಕ ಜಗಳವಾಡಲಿಲ್ಲ. ನಾನು ಬಯಸಿದ್ದೆ, ಅವಳು ಹಟ ಮಾಡಲಿ, ಕಂಬ ಹಿಡಿದುಕೊಂಡು ಕೂರಲಿ ಎಂದು. ಬಾಡಿಗೆಗೆ ಒಂದು ಖೋಲಿ ಹಿಡಿಯೋಣ, ನನ್ನ ಸಂಬಳ ಇದೆ ಎಂದೂ ಹೇಳಿದೆ. “ನಿನ್ನ ಮದುವಿನೂ ನನ್ನ ಕಾಲ್ಗುಣಕ್ಕ ಸೇರಿಸ್ತಾರ ಬಿಡು,” ಎಂದು ನಕ್ಕಳು. ಕಂಪ್ಲಿಯಿಂದ ಗಂಡನ ಕಡೆಯವರು ಬಂದು ಹಿರಿಯರ ಮುಂದೆ ಇನ್ನು ಕೈ ಮಾಡುವುದಿಲ್ಲ ಎಂದರು. ಅವ್ವ ಉಡಿ ತುಂಬಿ ಕಳಿಸಿದಳು. ಕಳಿಸುವಾಗ ಅತ್ತಳು ಕೂಡ. ಆ ಕಣ್ಣೀರು ಸುಳ್ಳಲ್ಲ, ಅದೇ ನನಗೆ ಹೆಚ್ಚು ಸಿಟ್ಟು ಬರಿಸಿದ್ದು.

ಕೊಟ್ಟಿಗೆ ಖಾಲಿ ಉಳಿಯಲಿಲ್ಲ. ಹೋಟೆಲ್ಲುಗಳಿಗೆ ಮಾತು ಕೊಟ್ಟಾಗಿತ್ತು, ಅಣ್ಣ ಆಂಧ್ರದ ಕಡೆಯಿಂದ ಕೋಳಿಫಾರಮ್ಮಿನಲ್ಲಿ ಪಳಗಿದ ಒಬ್ಬನನ್ನು ಕರೆಸಿದ. ಅವನು ಬಂದ ದಿನವೇ ಹಿಂಡಿಯ ಚೀಲಗಳನ್ನು ಹೊರಗೆ ಎಸೆದು, ಮೀನಿನ ಪುಡಿಯ ಮರಿತಿಂಡಿ ತರಿಸಿದ. ಮರಿಗಳು ಬಂದವು, ಓಡಾಡಿದವು, ಪುಕ್ಕ ಬಿಟ್ಟವು. ಗಾಳಿ ಬೀಸಿದಾಗ ವಾಸನೆ ನೇರ ದೇವರ ಕೋಣೆಗೇ ಬರುತ್ತಿತ್ತು. ಅವ್ವ ಒಂದು ಊದಿನಕಡ್ಡಿ ಹಚ್ಚುತ್ತಿದ್ದವಳು ಈಗ ಒಂದು ಹಿಡಿ ಹಚ್ಚತೊಡಗಿದಳು. ನಾನು ಕೇಳಿಯೇಬಿಟ್ಟೆ, “ಈಗ ಹೆಂಗ ನಡೀತೈತಿ?”

“ಗಂಡಸ್ರು ಮಾಡೋ ಯಾಪಾರ. ನಾವ್ಯಾಕ ಅದ್ರಾಗ ಬಾಯಿ ಹಾಕಬೇಕು?” ಎಂದಳು ಅವ್ವ. ಆ ಸುಗ್ಗಿಯ ಹೊತ್ತಿಗೆ ಅಣ್ಣನ ಮದುವೆಯೂ ಆಯಿತು.

ಕಂಪ್ಲಿಗೆ ನಾನು ಹೋದದ್ದು ಆಮೇಲೆ, ಒಂದು ಭಾನುವಾರ. ಅಕ್ಕ ಗಿರಣಿಯ ಹಿಂದಿನ ಅಂಗಳದಲ್ಲಿ ನುಚ್ಚು ಕೇರುತ್ತಿದ್ದಳು. ಸೆರಗನ್ನು ಕಿವಿ ಮುಚ್ಚುವಂತೆ ಹೊದ್ದಿದ್ದಳು. ಊರಿನ ಮಾತು, ಮದುವೆಯ ಮಾತು ಎಲ್ಲ ಮುಗಿದ ಮೇಲೆ ಅವಳು ಕೇಳಿದಳು.

“ಮರಿ ಹೆಂಗದಾವ?”

“ಚಲೋ ಅದಾವ.”

“ತಿನ್ನಾಕ ಏನ್ ಹಾಕ್ತಾರ?”

ಸುಳ್ಳು ಹೇಳಬಹುದಿತ್ತು. ಅವಳಿಗೆ ಸುಳ್ಳು ಹೇಳುವವರು ಸಾಕಷ್ಟಿದ್ದರು. “ಹೊಸಪೇಟಿ ತಿಂಡಿನ. ಮೀನಿನ ಪುಡಿ ಇರಾದು,” ಎಂದೆ.

ಮೊರ ನಿಂತಿತು. “ಅವ್ವ ಏನಂತಾಳ?”

“ಏನೂ ಅನ್ನಂಗಿಲ್ಲ.”

ಅಕ್ಕ ಮೊರದೊಳಗೆ ಬೆರಳಾಡಿಸಿದಳು. ಒಂದು ಕಲ್ಲು ಹುಡುಕಿ ತೆಗೆದು ಬದಿಗೆ ಹಾಕಿದಳು. ಆಮೇಲೆ, ಕೋಪವಿಲ್ಲದೆ, ಕೊನೆಗೂ ಲೆಕ್ಕ ತಿಳಿದವಳ ಧ್ವನಿಯಲ್ಲಿ ಹೇಳಿದಳು, “ಹಂಗಾದ್ರ ಅವ್ವಗ ಆಗದೇ ಇದ್ದದ್ದು ಮೀನಲ್ಲ ಬಿಡು.”

ಹೊರಗೆ ಅವಳ ಗಂಡನ ಬೈಕು ನಿಂತ ಸದ್ದಾಯಿತು. ಅಕ್ಕ ಸೆರಗು ಬಿಗಿ ಮಾಡಿಕೊಂಡು ಎದ್ದಳು. ಊಟ ಮಾಡಿ ಹೋಗು ಎನ್ನಲಿಲ್ಲ. “ಜಲ್ದಿ ನಡಿ ತಂಗಿ, ಬಸ್ಸಿನ ಹೊತ್ತಾತು,” ಎಂದಳು.